ಕಿವಿಯಿಂದ ಕಣ್ಣಿಗೆ: ಟ್ರಾನ್ಸ್‌ಕ್ರಿಪ್ಷನ್ ಬಿಟ್ಟು ಕೋಡಿಂಗ್ ಹಿಡಿದ ಒಬ್ಬರ ಪ್ರಕರಣ

ವಸುಧಾ ಎರಡು ಸಂಬಳದ ಚೀಟಿಗಳನ್ನು ನನ್ನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ವೈದ್ಯರ ಮಾತನ್ನು ಕೇಳಿ ಟೈಪ್ ಮಾಡುವ ಟ್ರಾನ್ಸ್‌ಕ್ರಿಪ್ಷನ್ ಅವರ ಕೆಲಸ. ಒಂದು ಚೀಟಿ 2017ರ ಅಕ್ಟೋಬರ್ ತಿಂಗಳದ್ದು, ಇನ್ನೊಂದು 2021ರ ಅಕ್ಟೋಬರ್ ತಿಂಗಳದ್ದು. ಮೊದಲನೆಯದರಲ್ಲಿ ದಿನಕ್ಕೆ ಸರಾಸರಿ 850 ಸಾಲು, ಸಾಲಿಗೆ 70 ಪೈಸೆ. ತಿಂಗಳಿಗೆ ಹತ್ತಿರ ಹತ್ತಿರ 15,000 ರೂಪಾಯಿ. ಎರಡನೆಯದರಲ್ಲಿ ದಿನಕ್ಕೆ 1,200 ಸಾಲು, ಸಾಲಿಗೆ 35 ಪೈಸೆ. ಕೈಗೆ ಬಂದದ್ದು 10,500.

"ಮೇಡಂ, ಕೆಲಸ ಜಾಸ್ತಿಯಾಗಿದೆ, ದುಡ್ಡು ಕಡಿಮೆಯಾಗಿದೆ. ನನ್ನ ಕಡೆಯಿಂದ ಏನಾದರೂ ತಪ್ಪಾಗಿದೆಯೇ?" ಎಂದು ಕೇಳಿದರು.

ತಪ್ಪು ಅವರದಾಗಿರಲಿಲ್ಲ. ಆದರೆ ಅದನ್ನು ನಂಬಿಸಲು ನನಗೆ ಬಹಳ ಹೊತ್ತು ಹಿಡಿಯಿತು.

ವಸುಧಾ ಎಂಬುದು ಅವರ ನಿಜವಾದ ಹೆಸರಲ್ಲ. ಊರು, ಮನೆಯ ಕೆಲವು ವಿವರಗಳು, ಕಂಪನಿಗಳ ಗುರುತು ಎಲ್ಲವನ್ನೂ ಬದಲಿಸಿದ್ದೇನೆ ಅಥವಾ ಬಿಟ್ಟಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಕರಡನ್ನು ಓದಿ ಎರಡು ಕಡೆ ತಿದ್ದಿಯೂ ಕೊಟ್ಟಿದ್ದಾರೆ. ನಾನು ವೃತ್ತಿಯಿಂದ ವೈದ್ಯಕೀಯ ಕೋಡಿಂಗ್ ಆಡಿಟರ್, ಅಂದರೆ ವೈದ್ಯರ ದಾಖಲೆಗಳಿಗೆ ಕೊಟ್ಟ ಸಂಕೇತಗಳು ಸರಿಯೇ ಎಂದು ಪರಿಶೀಲಿಸುವವಳು. ಶಿವಮೊಗ್ಗದ ಮನೆಯಲ್ಲಿ ಭಾನುವಾರಗಳಂದು ನಾಲ್ಕಾರು ಜನರಿಗೆ ಪಾಠ ಹೇಳುತ್ತೇನೆ. ಟ್ರಾನ್ಸ್‌ಕ್ರಿಪ್ಷನ್ ಮಾಡಿ ಬಂದವರು ಕೇಳುವ ಪ್ರಶ್ನೆಗಳು ಬಹುಪಾಲು ಒಂದೇ ಆಗಿರುವುದರಿಂದ, ಒಬ್ಬರ ದಾರಿಯನ್ನಾದರೂ ಪೂರ್ತಿಯಾಗಿ ಬರೆದಿಡಬೇಕು ಅನ್ನಿಸಿತು.

ಹಿನ್ನೆಲೆ

ವಸುಧಾ ಬಿ.ಎಸ್ಸಿ. ಮುಗಿಸಿ 2009ರಲ್ಲಿ ಶಿವಮೊಗ್ಗದ ಒಂದು ಸಣ್ಣ ಟ್ರಾನ್ಸ್‌ಕ್ರಿಪ್ಷನ್ ಕೇಂದ್ರಕ್ಕೆ ಸೇರಿದರು. ಅಮೆರಿಕದ ವೈದ್ಯರು ರೋಗಿಯನ್ನು ನೋಡಿದ ಮೇಲೆ ಹೇಳಿ ದಾಖಲಿಸಿದ ಧ್ವನಿ ಇಲ್ಲಿಗೆ ಬರುತ್ತಿತ್ತು. ಕಿವಿಗೆ ಹೆಡ್‌ಫೋನ್, ಕಾಲಡಿಯಲ್ಲಿ ಪೆಡಲ್, ಕೈ ಕೀಲಿಮಣೆಯ ಮೇಲೆ. ಪೆಡಲ್ ಒತ್ತಿದರೆ ಧ್ವನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಜಾಗ ಬಿಟ್ಟದ್ದನ್ನೂ ಸೇರಿಸಿ 65 ಅಕ್ಷರಗಳಿಗೆ ಒಂದು ಸಾಲೆಂದು ಲೆಕ್ಕ. ಅವರ ಕೇಂದ್ರ ಶೇಕಡಾ 98ರಷ್ಟು ನಿಖರತೆ ಕೇಳುತ್ತಿತ್ತು.

ಈ ಕೆಲಸದ ಕಷ್ಟ ಹೊರಗಿನವರಿಗೆ ಅರ್ಥವಾಗುವುದಿಲ್ಲ. ವೈದ್ಯರು ಊಟ ಮಾಡುತ್ತಾ ಹೇಳುತ್ತಾರೆ, ಕಾರು ಓಡಿಸುತ್ತಾ ಹೇಳುತ್ತಾರೆ, ವಾಕ್ಯದ ಅರ್ಧಕ್ಕೆ ಕೆಮ್ಮುತ್ತಾರೆ. 'ಇಲಿಯಮ್' ಎಂಬ ಉಚ್ಚಾರ ಕಿವಿಗೆ ಬಿದ್ದರೆ ಅದು ಸಣ್ಣ ಕರುಳಿನ ಕೊನೆಯ ಭಾಗವೋ ಸೊಂಟದ ಮೂಳೆಯೋ? ಇಂಗ್ಲಿಷಿನಲ್ಲಿ ಒಂದು ಅಕ್ಷರ ಬೇರೆ, ಉಚ್ಚಾರ ಒಂದೇ. ಕನ್ನಡದಲ್ಲಿ ಬರೆದರೆ ಆ ವ್ಯತ್ಯಾಸವೂ ಇಲ್ಲ. ಹಿಂದುಮುಂದಿನ ಮಾತು ನೋಡಿ ತೀರ್ಮಾನಿಸಬೇಕು. ಎಷ್ಟು ಸಲ ಕೇಳಿದರೂ ಗೊತ್ತಾಗದಿದ್ದರೆ ಬ್ಲ್ಯಾಂಕ್ ಬಿಟ್ಟು ಮುಂದೆ ಹೋಗಬೇಕು, ಅದನ್ನು ಕ್ಯೂಎ, ಅಂದರೆ ಗುಣಮಟ್ಟದ ಪರಿಶೀಲನೆ, ಮಾಡುವವರು ತುಂಬುತ್ತಾರೆ. ಒಳ್ಳೆಯ ಟ್ರಾನ್ಸ್‌ಕ್ರಿಪ್ಷನಿಸ್ಟ್ ಎಂದರೆ ಕಡಿಮೆ ಬ್ಲ್ಯಾಂಕ್ ಬಿಡುವವರು. ವಸುಧಾ ಅಂಥವರಲ್ಲಿ ಮೊದಲಿಗರು. ವೈದ್ಯರು ನುಂಗಿದ ಪದವನ್ನು ಔಷಧದ ಹೆಸರಿನಿಂದ, ಪರೀಕ್ಷೆಯ ಫಲಿತಾಂಶದಿಂದ ಹಿಡಿದುಬಿಡುತ್ತಿದ್ದರು. ಈ ಗುಣವನ್ನು ನೆನಪಿಡಿ, ಮುಂದೆ ಇದೇ ಅವರನ್ನು ಬಹಳ ಕಾಡಿತು.

2013ರಲ್ಲಿ ಮದುವೆಯಾಗಿ ಘಟ್ಟದ ಸೆರಗಿನ ಅಡಿಕೆ ತೋಟದ ಮನೆಗೆ ಬಂದರು. ಕೇಂದ್ರದವರು ಮನೆಯಿಂದಲೇ ಕೆಲಸ ಮಾಡಲು ಬಿಟ್ಟರು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಎರಡು ದಿನ ಕರೆಂಟು ಬಾರದ ಊರದು. ಅಡಿಕೆಗೊನೆಗೆ ಕಟ್ಟುವ ಕೊಟ್ಟೆಯ ಪ್ಲಾಸ್ಟಿಕ್ಕಿನಲ್ಲಿ ಲ್ಯಾಪ್‌ಟಾಪ್ ಸುತ್ತಿಕೊಂಡು, ಸ್ಕೂಟರಿನಲ್ಲಿ ಗುಡ್ಡದ ಮೇಲಿನ ಬಸ್ ತಂಗುದಾಣಕ್ಕೆ ಹೋಗಿ, ಮೊಬೈಲ್ ಸಿಗ್ನಲ್ ಹಿಡಿದು ಫೈಲ್ ಕಳಿಸಿ ಬರುತ್ತಿದ್ದರು. ಹೀಗೆ ಎಂಟು ಮಳೆಗಾಲ ಕಳೆದರು.

ತೊಡಕು

ಸಾಲಿನ ದರ ಅರ್ಧಕ್ಕೆ ಇಳಿದದ್ದಕ್ಕೆ ಕಾರಣ ಅವರ ಊರಿನಲ್ಲಿರಲಿಲ್ಲ, ಶಿವಮೊಗ್ಗದಲ್ಲೂ ಇರಲಿಲ್ಲ. 2009ರಲ್ಲಿ ಅಮೆರಿಕ ಸರ್ಕಾರ ಹೈಟೆಕ್ ಎಂದು ಕರೆಯುವ ಕಾಯ್ದೆ ತಂದು, ರೋಗಿಯ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಇಡುವ ಆಸ್ಪತ್ರೆಗಳಿಗೂ ವೈದ್ಯರಿಗೂ ಪ್ರೋತ್ಸಾಹಧನ ಕೊಡಲು ಮುಂದಾಯಿತು. ವೈದ್ಯರು ಸಿದ್ಧ ನಮೂನೆಗಳಲ್ಲಿ ತಾವೇ ಗುರುತು ಹಾಕಲು ಕಲಿತರು. ಅದರ ಜೊತೆಗೇ ಧ್ವನಿಯನ್ನು ಅಕ್ಷರಕ್ಕೆ ಇಳಿಸುವ ತಂತ್ರಾಂಶ ಸುಧಾರಿಸಿತು. ಯಂತ್ರ ಕರಡು ಮಾಡಿಕೊಡುತ್ತದೆ, ಮನುಷ್ಯ ಕೇಳಿ ತಿದ್ದಬೇಕು. ತಿದ್ದಲು ಅರ್ಧ ಸಮಯ ಸಾಕೆಂಬ ಲೆಕ್ಕದಲ್ಲಿ ಅರ್ಧ ದರ.

ಅರ್ಧ ಸಮಯ ಸಾಕಾಗುವುದಿಲ್ಲ. 'ಹೈಪೊಟೆನ್ಷನ್' ಎಂದದ್ದನ್ನು ಯಂತ್ರ 'ಹೈಪರ್‌ಟೆನ್ಷನ್' ಎಂದು ಬರೆದಿದ್ದರೆ, ಪರದೆಯ ಮೇಲೆ ಕಣ್ಣು ಓದಿದ್ದನ್ನೇ ಕಿವಿಯೂ ಕೇಳಿದಂತೆ ಭಾಸವಾಗುತ್ತದೆ. ಕಡಿಮೆ ರಕ್ತದೊತ್ತಡ ಹೆಚ್ಚಿನ ರಕ್ತದೊತ್ತಡವಾಗಿ ದಾಖಲೆಗೆ ಹೋಗುತ್ತದೆ. ಖಾಲಿ ಪುಟದಲ್ಲಿ ಬರೆಯುವುದಕ್ಕಿಂತ ಇಂಥ ಕರಡನ್ನು ತಿದ್ದುವುದೇ ಆಯಾಸದ ಕೆಲಸ ಎಂದು ವಸುಧಾ ಹೇಳುತ್ತಿದ್ದರು. ನಾನೂ ಅದನ್ನು ಒಪ್ಪುತ್ತೇನೆ.

ಅವರ ಮುಂದೆ ಮೂರು ದಾರಿಗಳಿದ್ದವು. ಅದೇ ಕೆಲಸದಲ್ಲಿ ಮುಂದುವರಿಯುವುದು, ಅಮೆರಿಕದ ಹಗಲಿಗೆ ಹೊಂದಿಕೊಂಡು ರಾತ್ರಿಯಿಡೀ ವೈದ್ಯರ ಜೊತೆ ನೇರವಾಗಿ ಟಿಪ್ಪಣಿ ಬರೆಯುವ ಸ್ಕ್ರೈಬ್ ಕೆಲಸ, ಅಥವಾ ಕೋಡಿಂಗ್. ಎಂಟು ವರ್ಷದ ಮಗಳಿರುವ ಮನೆಯಲ್ಲಿ ರಾತ್ರಿ ಪಾಳಿ ಆಗದ ಮಾತು. ಹಾಗಾಗಿ ಕೋಡಿಂಗ್ ಬಗ್ಗೆ ಕೇಳಲು ಬಂದಿದ್ದರು.

ಕೋಡಿಂಗ್ ಎಂದರೆ ವೈದ್ಯರು ಬರೆದ ದಾಖಲೆಯನ್ನು ಓದಿ, ರೋಗಕ್ಕೂ ಚಿಕಿತ್ಸೆಗೂ ನಿಗದಿತ ಸಂಕೇತಗಳನ್ನು ಕೊಡುವುದು. ವಿಮಾ ಕಂಪನಿ ಹಣ ಕೊಡುವುದು ಈ ಸಂಕೇತಗಳನ್ನು ನೋಡಿ. ರೋಗಕ್ಕೆ ಐಸಿಡಿ-10-ಸಿಎಂ, ವೈದ್ಯರ ಚಿಕಿತ್ಸೆಗೆ ಸಿಪಿಟಿ, ಉಪಕರಣ, ಔಷಧ ಮುಂತಾದವಕ್ಕೆ ಎಚ್‌ಸಿಪಿಸಿಎಸ್. 2015ರ ಅಕ್ಟೋಬರ್ 1ರಂದು ಅಮೆರಿಕ ಐಸಿಡಿ-10ಕ್ಕೆ ಬದಲಾದಾಗ ರೋಗಸಂಕೇತಗಳ ಸಂಖ್ಯೆ ಸುಮಾರು 14,000ದಿಂದ 70,000ದ ಆಸುಪಾಸಿಗೆ ಏರಿತು. ಯಂತ್ರ ಇಲ್ಲಿಗೂ ಬರುತ್ತಿದೆ ಎಂಬುದನ್ನು ನಾನು ಅವರಿಂದ ಮುಚ್ಚಿಡಲಿಲ್ಲ. ಸುಲಭದ ಚಾರ್ಟುಗಳಿಗೆ, ಅಂದರೆ ರೋಗಿಯ ದಾಖಲೆಗಳಿಗೆ, ತಂತ್ರಾಂಶವೇ ಸಂಕೇತ ಸೂಚಿಸುತ್ತದೆ. ಮನುಷ್ಯರಿಗೆ ಉಳಿಯುವುದು ಕಷ್ಟದ್ದು ಮತ್ತು ಯಂತ್ರ ಮಾಡಿದ್ದನ್ನು ಪರೀಕ್ಷಿಸುವುದು. ಒಂದು ಮುಳುಗುವ ದೋಣಿಯಿಂದ ಇನ್ನೊಂದಕ್ಕೆ ಹಾರುವ ಹಾಗಾಗಬಾರದು, ಹೋದರೆ ಕಷ್ಟದ ವಿಭಾಗಕ್ಕೇ ಹೋಗಬೇಕು ಎಂದೆ.

ಮೊದಲ ಹೆಜ್ಜೆ

ಆ ಭೇಟಿಯ ನಂತರ ಅವರು ಕೆಲವು ತಿಂಗಳು ಬರಲಿಲ್ಲ. ದೊಡ್ಡ ಊರಿನ ಒಂದು ತರಬೇತಿ ಸಂಸ್ಥೆ 'ಮೂರು ತಿಂಗಳ ಆನ್‌ಲೈನ್ ಪಾಠ, ಉದ್ಯೋಗ ಖಾತ್ರಿ' ಎಂದು ಹೇಳಿ 45,000 ರೂಪಾಯಿ ಕಟ್ಟಿಸಿಕೊಂಡಿತ್ತು. ವಸುಧಾ ಸಹಕಾರ ಸಂಘದಲ್ಲಿ ಬಳೆ ಅಡವಿಟ್ಟಿದ್ದರು. ಮೂರು ತಿಂಗಳಲ್ಲಿ ಎರಡು ತಿಂಗಳು ನಡೆದದ್ದು ಅಂಗರಚನೆ ಮತ್ತು ವೈದ್ಯಕೀಯ ಪದಗಳ ಪಾಠ. ಹನ್ನೆರಡು ವರ್ಷ ಆ ಪದಗಳಲ್ಲೇ ಬದುಕಿದವರಿಗೆ ಹೃದಯದಲ್ಲಿ ನಾಲ್ಕು ಕೋಣೆ ಎಂದು ಕಲಿಸಿದರು. ಸಂಕೇತ ಕೊಡುವ ನಿಯಮಗಳಾದ ಮಾರ್ಗಸೂಚಿಗಳ ಪಾಠ ಕೊನೆಯ ವಾರದಲ್ಲಿ ಅವಸರವಾಗಿ ಮುಗಿಯಿತು. ಕೊಟ್ಟ ಸಂಕೇತಗಳ ಪುಸ್ತಕ ಹಿಂದಿನ ವರ್ಷದ್ದರ ನೆರಳಚ್ಚು. ಐಸಿಡಿ ಪ್ರತಿ ಅಕ್ಟೋಬರ್ 1ಕ್ಕೆ, ಸಿಪಿಟಿ ಪ್ರತಿ ಜನವರಿ 1ಕ್ಕೆ ಹೊಸದಾಗುತ್ತದೆ ಎಂಬುದನ್ನು ಯಾರೂ ಅವರಿಗೆ ಒತ್ತಿ ಹೇಳಿರಲಿಲ್ಲ.

ಅಮೆರಿಕದ ಕೋಡರ್‌ಗಳ ಸಂಸ್ಥೆ ಎಎಪಿಸಿ ನಡೆಸುವ ಸಿಪಿಸಿ ಎಂಬ ಅರ್ಹತಾ ಪರೀಕ್ಷೆಯನ್ನು 2022ರ ಜೂನ್‌ನಲ್ಲಿ ಬರೆದರು. ನಾಲ್ಕು ಗಂಟೆ, ನೂರು ಪ್ರಶ್ನೆ, ತೇರ್ಗಡೆಗೆ ಶೇಕಡಾ 70. ಅವರಿಗೆ ಬಂದದ್ದು 61. ಅಸಲಿ ಪುಸ್ತಕಗಳನ್ನು ಕೊಂಡು ಎರಡೇ ವಾರವಾಗಿತ್ತು. ಉದ್ಯೋಗ ಖಾತ್ರಿಯ ಬಗ್ಗೆ ಸಂಸ್ಥೆಯನ್ನು ಕೇಳಿದಾಗ, ತೇರ್ಗಡೆಯಾದವರಿಗೆ ಮಾತ್ರ ಎಂಬ ಉತ್ತರ ಬಂತು.

ಆ ಹಣದ ವಿಚಾರ ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಮೊದಲ ಭೇಟಿಯಲ್ಲೇ ನಾನು ಒಂದು ಮಾತು ಹೇಳಬೇಕಿತ್ತು: ಯಾವುದೇ ಸಂಸ್ಥೆಗೆ ಹಣ ಕಟ್ಟುವ ಮೊದಲು ಪಾಠದ ವೇಳಾಪಟ್ಟಿ ಕೇಳಿ, ಮಾರ್ಗಸೂಚಿಗೂ ಶಸ್ತ್ರಚಿಕಿತ್ಸೆಯ ಅಧ್ಯಾಯಗಳಿಗೂ ಎಷ್ಟು ಗಂಟೆ ಮೀಸಲು ಎಂದು ನೋಡಿ, ಪುಸ್ತಕ ಯಾವ ವರ್ಷದ್ದು ಎಂದು ವಿಚಾರಿಸಿ. ಟ್ರಾನ್ಸ್‌ಕ್ರಿಪ್ಷನ್‌ನಿಂದ ಬರುವವರು ಪದಗಳ ಪಾಠಕ್ಕೆ ಹಣ ಕೊಡಬೇಕಾಗಿಯೇ ಇಲ್ಲ.

61ರ ಒಳಗೆ ಏನಿತ್ತು

ತೇರ್ಗಡೆಯಾಗದವರಿಗೆ ಯಾವ ವಿಭಾಗದಲ್ಲಿ ಎಷ್ಟು ಬಂದಿದೆ ಎಂದು ತಿಳಿಸುತ್ತಾರೆ. ಜುಲೈಯ ಒಂದು ಭಾನುವಾರ ಆ ಹಾಳೆಯನ್ನು ಮುಂದಿಟ್ಟುಕೊಂಡು ಕುಳಿತೆವು. ಹೊರಗೆ ಬಿಡದೆ ಸುರಿಯುತ್ತಿತ್ತು. ಪದಗಳಲ್ಲೂ ಅಂಗರಚನೆಯಲ್ಲೂ ಬಹುತೇಕ ಪೂರ್ಣ ಅಂಕ. ಕುಸಿದದ್ದು ಮಾರ್ಗಸೂಚಿಗಳಲ್ಲಿ, ಶಸ್ತ್ರಚಿಕಿತ್ಸೆಯ ಒಂದೆರಡು ವಿಭಾಗಗಳಲ್ಲಿ, ಮತ್ತು ಕೊನೆಯಲ್ಲಿ ಬರುವ ದೀರ್ಘ ಪ್ರಕರಣಗಳಲ್ಲಿ.

ದೀರ್ಘ ಪ್ರಕರಣಗಳಲ್ಲಿ ಸಮಯ ಸಾಲದೆ ಕಣ್ಣು ಮುಚ್ಚಿ ಗುರುತು ಹಾಕಿದ್ದರಂತೆ. ಒಂದು ಪ್ರಶ್ನೆಗೆ ಸಿಗುವುದು ಎರಡೂವರೆ ನಿಮಿಷಕ್ಕೂ ಕಡಿಮೆ. ನನ್ನೆದುರು ಒಂದು ಶಸ್ತ್ರಚಿಕಿತ್ಸೆಯ ವರದಿ ಓದಲು ಹೇಳಿದಾಗ ಕಾರಣ ಕಣ್ಣಿಗೆ ಬಿತ್ತು: ಕ್ಯೂಎ ಮಾಡುವವರ ಹಾಗೆ ಪದಪದಕ್ಕೂ ನಿಂತು ಓದುತ್ತಿದ್ದರು. ಒಂದು ಕಡೆ ಅಲ್ಪವಿರಾಮ ತಪ್ಪಿದೆ ಎಂದು ತೋರಿಸಿದರು. ಅದಕ್ಕೆ ಮದ್ದು ಸುಲಭ. ಮೊದಲು ನಾಲ್ಕು ಉತ್ತರಗಳನ್ನು ನೋಡಿ, ಅವು ಎಲ್ಲಿ ಕವಲೊಡೆಯುತ್ತವೆ ಎಂದು ಹಿಡಿಯಿರಿ, ವರದಿಯಲ್ಲಿ ಅದನ್ನಷ್ಟೇ ಹುಡುಕಿ. ಪರೀಕ್ಷೆಗೆ ಸ್ವಂತ ಪುಸ್ತಕ ಒಯ್ಯಬಹುದು, ಅಂಚಿನಲ್ಲಿ ಕೈಬರಹದ ಟಿಪ್ಪಣಿಗೂ ಅವಕಾಶವಿದೆ. ಆರು ವಾರದಲ್ಲಿ ವೇಗ ಬಂತು.

ಮಾರ್ಗಸೂಚಿಯ ಸಮಸ್ಯೆ ಅಷ್ಟು ಸುಲಭವಾಗಿ ಬಿಡಲಿಲ್ಲ.

ಊಹೆ

ಅಭ್ಯಾಸಕ್ಕೆಂದು ಒಂದು ಹೊರರೋಗಿ ಚಾರ್ಟ್ ಕೊಟ್ಟಿದ್ದೆ. ಅರವತ್ತು ದಾಟಿದ ರೋಗಿ, ಜ್ವರ, ಕೆಮ್ಮು, ಎಕ್ಸ್‌ರೇಯಲ್ಲಿ ಶ್ವಾಸಕೋಶದ ಕೆಳಭಾಗದಲ್ಲಿ ಮಬ್ಬು. ವೈದ್ಯರು ಆ್ಯಂಟಿಬಯೋಟಿಕ್ ಬರೆದಿದ್ದಾರೆ. ಕೊನೆಯ ಸಾಲಿನಲ್ಲಿ 'ಬಹುಶಃ ನ್ಯುಮೋನಿಯಾ'. ವಸುಧಾ ಜೆ18.9 ಎಂದು ಬರೆದರು, ಅಂದರೆ ನ್ಯುಮೋನಿಯಾ.

"ಇದು ಹೇಗೆ ಬಂತು?" ಎಂದೆ.

"ವೈದ್ಯರು ನ್ಯುಮೋನಿಯಾ ಎಂದೇ ತಿಳಿದಿದ್ದಾರೆ ಮೇಡಂ. ಇಲ್ಲದಿದ್ದರೆ ಆ್ಯಂಟಿಬಯೋಟಿಕ್ ಏಕೆ ಕೊಡುತ್ತಿದ್ದರು? ಎಕ್ಸ್‌ರೇ ಕೂಡ ಅದನ್ನೇ ಹೇಳುತ್ತಿದೆ."

"ತಿಳಿದಿರಬಹುದು. ಹಾಗೆಂದು ಬರೆದಿದ್ದಾರೆಯೇ?"

ಅವರು ಪುನಃ ಓದಿದರು. 'ಬಹುಶಃ' ಎಂಬ ಪದದ ಮೇಲೆ ಬೆರಳಿಟ್ಟು ಕುಳಿತರು.

ಹೊರರೋಗಿ ದಾಖಲೆಯಲ್ಲಿ 'ಬಹುಶಃ', 'ಅನುಮಾನ', 'ಇದೆಯೇ ಎಂದು ನೋಡಬೇಕು' ಎಂದಿರುವ ರೋಗಕ್ಕೆ ಸಂಕೇತ ಕೊಡುವಂತಿಲ್ಲ. ಖಚಿತವಾಗಿ ಗೊತ್ತಿರುವುದು ಲಕ್ಷಣಗಳಷ್ಟೇ: ಕೆಮ್ಮಿಗೆ ಆರ್05.9, ಜ್ವರಕ್ಕೆ ಆರ್50.9. ಅದೇ ರೋಗಿ ಆಸ್ಪತ್ರೆಯಲ್ಲಿ ದಾಖಲಾಗಿದ್ದು, ಬಿಡುಗಡೆಯ ವೇಳೆಗೂ ವೈದ್ಯರು 'ಬಹುಶಃ' ಎಂದೇ ಬರೆದಿದ್ದರೆ, ಆಗ ರೋಗ ಇದ್ದಂತೆಯೇ ಸಂಕೇತ ಕೊಡಬೇಕು. ಒಂದೇ ವಾಕ್ಯ, ರೋಗಿ ಎಲ್ಲಿದ್ದರು ಎಂಬುದರ ಮೇಲೆ ಉತ್ತರ ಬೇರೆ. ನಾವು ಊಹಿಸಿ ಹಾಕಿದ ರೋಗ ಆ ವ್ಯಕ್ತಿಯ ವಿಮಾ ದಾಖಲೆಗೆ ಅಂಟಿಕೊಳ್ಳುತ್ತದೆ. ಸಮುದ್ರದಾಚೆ ಯಾರೋ ಒಬ್ಬರು, ನಮ್ಮನ್ನು ಎಂದೂ ನೋಡದವರು, ಅದನ್ನು ಹೊತ್ತುಕೊಳ್ಳಬೇಕಾಗುತ್ತದೆ.

ನಂತರದ ಮೂರು ವಾರ ಇದೇ ತಪ್ಪು ಬೇರೆ ಬೇರೆ ವೇಷದಲ್ಲಿ ಬಂತು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಇದ್ದರೆ ರಕ್ತಹೀನತೆ ಎಂದು ಹಾಕುತ್ತಿದ್ದರು. ವೈದ್ಯರು ಎಲ್ಲೂ ಆ ಪದ ಬಳಸಿರುತ್ತಿರಲಿಲ್ಲ. ಔಷಧದ ಪಟ್ಟಿಯಲ್ಲಿ ಥೈರಾಯ್ಡ್ ಮಾತ್ರೆ ಇದ್ದರೆ ಥೈರಾಯ್ಡ್ ರೋಗ ಸೇರಿಸುತ್ತಿದ್ದರು. ನನಗೆ ಮೊದಲು ಇದು ಅವಸರದ ತಪ್ಪೆಂದು ಕಂಡಿತ್ತು. ಆಮೇಲೆ ಹೊಳೆಯಿತು: ನುಂಗಿಹೋದ ಪದವನ್ನು ಔಷಧದ ಹೆಸರಿನಿಂದ ಹಿಡಿಯುವುದನ್ನು ಹನ್ನೆರಡು ವರ್ಷ ಕಲಿತವರು ಇವರು. ವೈದ್ಯರ ಅರ್ಧ ವಾಕ್ಯವನ್ನು ಪೂರ್ತಿ ಮಾಡುವುದೇ ಅವರ ಹೆಮ್ಮೆ. ಕೋಡಿಂಗ್‌ನಲ್ಲಿ ವೈದ್ಯರು ನಿಲ್ಲಿಸಿದಲ್ಲಿ ನಾವೂ ನಿಲ್ಲಬೇಕು. ಅವರ ಶಕ್ತಿಯೇ ಅಡ್ಡ ಬಂದಿತ್ತು, ಅದನ್ನು ದೋಷವೆಂದು ತಿದ್ದಲು ಹೋದರೆ ಅವರ ಧೈರ್ಯವೇ ಉಡುಗುತ್ತಿತ್ತು.

ದಾರಿ ತೋರಿದವರು ವಸುಧಾ ಅವರೇ. ದಾಖಲೆ ಅಸ್ಪಷ್ಟವಾಗಿದ್ದರೆ ವೈದ್ಯರಿಗೆ ಬರೆದು ಕೇಳುವ ಕ್ರಮವಿದೆ, ಅದಕ್ಕೆ ಕ್ವೆರಿ ಎನ್ನುತ್ತಾರೆ ಎಂದು ಒಂದು ದಿನ ಹೇಳಿದೆ. "ಹಾಗಾದರೆ ಅದು ನಮ್ಮ ಬ್ಲ್ಯಾಂಕ್ ಇದ್ದ ಹಾಗೆ" ಎಂದರು. ಅಂದಿನಿಂದ ಅವರು ಚಾರ್ಟಿನಲ್ಲಿ ಬ್ಲ್ಯಾಂಕ್ ಬಿಡತೊಡಗಿದರು. ಅಡಿಕೆ ಲೆಕ್ಕ ಬರೆಯುವ ಉದ್ದನೆಯ ಪುಸ್ತಕವೊಂದರಲ್ಲಿ ಗೆರೆ ಎಳೆದು ಎಡಕ್ಕೆ 'ಬರೆದದ್ದು', ಬಲಕ್ಕೆ 'ನನಗೆ ಅನ್ನಿಸಿದ್ದು' ಎಂದು ಬರೆದುಕೊಂಡರು. ಪ್ರತಿ ಚಾರ್ಟಿಗೂ ಎರಡೂ ಕಾಲಂ ತುಂಬಿ, ಎಡಗಡೆಯದಕ್ಕೆ ಮಾತ್ರ ಸಂಕೇತ. ನವೆಂಬರ್‌ನಲ್ಲಿ ಕೊಯ್ಲು ಶುರುವಾಗಿ ರಾತ್ರಿ ಹೊತ್ತು ಜಗಲಿಯಲ್ಲಿ ಹೆಂಗಸರು ಸಾಲಾಗಿ ಅಡಿಕೆ ಸುಲಿಯುವಾಗ, ಅದೇ ದೀಪದ ಬೆಳಕಿನಲ್ಲಿ ದಿನಕ್ಕೆ ಹತ್ತು ಚಾರ್ಟ್ ಮಾಡಿದ್ದಾರೆ. ಆ ಪುಸ್ತಕದ ಅಂಚುಗಳಲ್ಲಿ ಅಡಿಕೆ ಚೊಗರಿನ ಕಂದು ಕಲೆಗಳಿವೆ.

ಇನ್ನೊಂದು ತುದಿಗೆ ಹೋದದ್ದೂ ಉಂಟು. ಎರಡನೇ ಬಗೆಯ ಮಧುಮೇಹ, ರಕ್ತದೊತ್ತಡ, ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಹಂತ 3ಎ ಎಂದು ಮೂರನ್ನೂ ಬಿಡಿಬಿಡಿಯಾಗಿ ಬರೆದಿದ್ದ ಚಾರ್ಟಿನಲ್ಲಿ, ಒಂದಕ್ಕೊಂದು ಸಂಬಂಧವಿದೆ ಎಂದು ವೈದ್ಯರು ಹೇಳಿಲ್ಲವಲ್ಲ ಎಂದು ಮೂರನ್ನೂ ಬೇರೆ ಬೇರೆ ಕೋಡ್ ಮಾಡಿದರು. ಇಲ್ಲಿ ಮಾರ್ಗಸೂಚಿಯೇ ಸಂಬಂಧವನ್ನು ಭಾವಿಸಿಕೊಳ್ಳುತ್ತದೆ. ವೈದ್ಯರು ಇಲ್ಲ ಎನ್ನದ ಹೊರತು ಇ11.22, ಐ12.9, ಎನ್18.31 ಒಟ್ಟಿಗೆ ಹೋಗಬೇಕು. "ಊಹೆ ಬೇಡ ಎಂದಿರಿ, ಈಗ ಪುಸ್ತಕವೇ ಊಹಿಸುತ್ತದಲ್ಲ" ಎಂದರು, ಸ್ವಲ್ಪ ಮುನಿಸಿನಿಂದಲೇ. ಹೌದು. ಪುಸ್ತಕಕ್ಕೆ ಆ ಅಧಿಕಾರವಿದೆ, ನಮಗಿಲ್ಲ. ಈ ಮಾತು ಅವರೊಳಗೆ ಇಳಿದ ಮೇಲೆ ಮಾರ್ಗಸೂಚಿಯ ಅಂಕಗಳು ಏರಿದವು.

ಒಂದು ಸಣ್ಣ ಸಂಗತಿಯನ್ನೂ ಇಲ್ಲಿ ಬರೆಯಬೇಕು. ಮೊದಲು ಅಕಾರಾದಿ ಸೂಚಿ ನೋಡಿ, ಆಮೇಲೆ ಪಟ್ಟಿಯಲ್ಲಿ ಖಚಿತಪಡಿಸಿಕೊಳ್ಳಬೇಕು ಎಂಬುದನ್ನು ಕಲಿಸಲು ನಾನು ಯಾವಾಗಲೂ ಒಂದು ರೋಗವನ್ನು ಹುಡುಕಲು ಹೇಳುತ್ತೇನೆ. ವಸುಧಾ ಬೆರಳು ಓಡಿಸುತ್ತಾ ಹೋಗಿ ನಿಂತರು: ಕ್ಯಾಸನೂರು ಕಾಡಿನ ಕಾಯಿಲೆ, ಎ98.2. ಸೊರಬ ತಾಲ್ಲೂಕಿನ ಕಾಡು. 1957ರಲ್ಲಿ ಮಂಗಗಳು ಸತ್ತು ಬಿದ್ದಾಗ ಗುರುತಿಸಿದ, ಉಣುಗು ಕಚ್ಚಿ ಬರುವ ನಮ್ಮ ಮಂಗನ ಕಾಯಿಲೆ. "ಇದು ಅಮೆರಿಕದ ಪುಸ್ತಕದಲ್ಲಿದೆಯೇ?" ಎಂದು ಎರಡು ಸಲ ಕೇಳಿದರು. ಆ ದಪ್ಪ ಪುಸ್ತಕದ ಬಗ್ಗೆ ಅವರಿಗಿದ್ದ ಹೆದರಿಕೆ ಅವತ್ತೇ ಹೋಯಿತು.

ಪರೀಕ್ಷೆಯನ್ನು ಡಿಸೆಂಬರ್‌ಗೆ ಇಟ್ಟುಕೊಂಡೆವು. ಜನವರಿ ಬಂದರೆ ಹೊಸ ಪುಸ್ತಕ ಕೊಳ್ಳಬೇಕು, ಡಿಸೆಂಬರ್‌ನಲ್ಲಿ ಕರೆಂಟಿನ ಭಯವೂ ಕಡಿಮೆ. ಶಿವಮೊಗ್ಗದ ವಿನೋಬನಗರದಲ್ಲಿದ್ದ ಸಂಬಂಧಿಕರ ಮನೆಯಲ್ಲಿ ಕುಳಿತು ಬರೆದರು. 78.

ಕೆಲಸ

ತೇರ್ಗಡೆಯಾದವರಿಗೆ ಸಿಗುವುದು ಸಿಪಿಸಿ-ಎ. ಕೊನೆಯ 'ಎ' ಎಂದರೆ ಅಪ್ರೆಂಟಿಸ್. ಎರಡು ವರ್ಷದ ಅನುಭವ ತೋರಿಸಿದರೆ ಹೋಗುತ್ತದೆ. ಹನ್ನೆರಡು ವರ್ಷದ ಟ್ರಾನ್ಸ್‌ಕ್ರಿಪ್ಷನ್ ಅನುಭವವನ್ನು ಕೋಡಿಂಗ್ ಕಂಪನಿಗಳು ಲೆಕ್ಕಕ್ಕೆ ಹಿಡಿಯಲಿಲ್ಲ. ಮೂರು ಸಂದರ್ಶನದಲ್ಲಿ ಎರಡು ಕಡೆ ಹೊಸಬರೆಂದೇ ಬರೆದುಕೊಂಡರು. ಮೂರನೆಯದಕ್ಕೆ ಅರ್ಜಿಯನ್ನು ಹೊಸದಾಗಿ ಬರೆಸಿದೆ. 'ಹನ್ನೆರಡು ವರ್ಷದ ಅನುಭವ' ಎಂಬ ಸಾಲನ್ನು ತೆಗೆದು, ಯಾವ ಯಾವ ಬಗೆಯ ವರದಿಗಳನ್ನು ಮಾಡಿದ್ದಾರೆ ಎಂದು ಬರೆದೆವು: ಕೊಲೊನೊಸ್ಕೋಪಿ, ಮೂಳೆ ಶಸ್ತ್ರಚಿಕಿತ್ಸೆ, ಬಿಡುಗಡೆಯ ಸಾರಾಂಶ. ಸಂದರ್ಶನ ಮಾಡಿದವರು ಕೊಲೊನೊಸ್ಕೋಪಿಯ ಮೇಲೆಯೇ ಇಪ್ಪತ್ತು ನಿಮಿಷ ಕೇಳಿದರು. ತಿಂಗಳಿಗೆ 18,000ಕ್ಕೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಮೊದಲ ಆರು ತಿಂಗಳು ಕಚೇರಿಯಲ್ಲೇ ಇರಬೇಕು.

ಈ ಆರು ತಿಂಗಳೇ ಇಡೀ ಪ್ರಕರಣದ ಕಠಿಣ ನಿರ್ಧಾರ. ಗಂಡ ಹೂಂ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಕೊನೆಗೆ ಮಾತಾಡಿದ್ದು ಅತ್ತೆ: "ಮಗುವನ್ನು ನಾನು ನೋಡಿಕೊಳ್ಳುತ್ತೇನೆ ಮಾರಾಯ್ತಿ, ನೀನು ಹೋಗಿ ಬಾ. ಕೊಯ್ಲಿನ ಹೊತ್ತಿಗೆ ಮಾತ್ರ ಮನೆಯಲ್ಲಿರು." 2023ರ ಮಾರ್ಚ್‌ನಲ್ಲಿ ಹೋದರು. ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ತಮಗಿಂತ ಹದಿನೈದು ವರ್ಷ ಚಿಕ್ಕ ಹುಡುಗಿಯರ ಜೊತೆ ವಾಸ. ತಿಂಗಳಿಗೆ ಎರಡು ಸಲ ರೈಲಿನಲ್ಲಿ ಶಿವಮೊಗ್ಗ, ಅಲ್ಲಿಂದ ಬಸ್ಸು. ಖರ್ಚು ಕಳೆದರೆ ಮನೆಗೆ ಕಳಿಸಲು ಉಳಿಯುತ್ತಿದ್ದದ್ದು ಹಳೆಯ ಕೆಲಸದಲ್ಲಿ ಸಿಗುತ್ತಿದ್ದದ್ದಕ್ಕಿಂತಲೂ ಕಡಿಮೆ.

ಕಂಪನಿಯಲ್ಲಿ ಎಕ್ಸ್‌ರೇ, ಸ್ಕ್ಯಾನಿಂಗ್ ವಿಭಾಗವೋ ಹೊರರೋಗಿ ಶಸ್ತ್ರಚಿಕಿತ್ಸೆಯ ವಿಭಾಗವೋ ಎಂದು ಕೇಳಿದರು. ಮೊದಲನೆಯದರಲ್ಲಿ ಬೇಗ ಪಳಗಬಹುದು, ದಿನದ ಸಂಖ್ಯೆ ಬೇಗ ಮುಟ್ಟಬಹುದು. ವಸುಧಾ ಎರಡನೆಯದನ್ನು ಆರಿಸಿಕೊಂಡರು. ಯಂತ್ರ ಮೊದಲು ನುಂಗುವುದು ಒಂದೇ ಬಗೆಯ ಚಿಕ್ಕ ವರದಿಗಳನ್ನು ಎಂಬುದು ಅವರು ಸ್ವಂತ ಅನುಭವದಿಂದ ತಿಳಿದ ಸಂಗತಿ. ಅದು ಸರಿಯಾದ ಆಯ್ಕೆ ಎಂದು ನಾನು ಈಗಲೂ ನಂಬುತ್ತೇನೆ.

ಮೊದಲ ತಿಂಗಳ ಆಡಿಟ್‌ನಲ್ಲಿ ನಿಖರತೆ 88 ಬಂತು, ಬೇಕಾದದ್ದು 95. ರಾತ್ರಿ ಫೋನ್ ಮಾಡಿ ಅತ್ತರು. ರೋಗಿಯ ಗುರುತಿರುವ ಯಾವುದನ್ನೂ ಕಚೇರಿಯಿಂದ ಹೊರಗೆ ತರುವಂತಿಲ್ಲ, ಹಾಗಾಗಿ ತಪ್ಪು ಯಾವ ಬಗೆಯದೆಂದು ಬಾಯಿಮಾತಿನಲ್ಲಿ ಮಾತ್ರ ಕೇಳಿದೆ. ಊಹೆಯ ತಪ್ಪು ಒಂದೂ ಇರಲಿಲ್ಲ. ಈ ಬಾರಿ ಬೇರೆಯ ಹಳೆಯ ಅಭ್ಯಾಸ ಅಡ್ಡ ಬಂದಿತ್ತು: ಹೇಳಿದ್ದನ್ನೆಲ್ಲ ಬರೆಯುವುದು. ಕೊಲೊನೊಸ್ಕೋಪಿಯಲ್ಲಿ ವೈದ್ಯರು ಕರುಳನ್ನು ಪೂರ್ತಿ ನೋಡಿದರು, ಒಂದು ಗಂಟನ್ನು ಕುಣಿಕೆ ಹಾಕಿ ತೆಗೆದರು, ಬೇರೆಡೆ ಇದ್ದ ಇನ್ನೊಂದರಿಂದ ಚಿಮುಟದಲ್ಲಿ ಚೂರು ತೆಗೆದರು. ಟ್ರಾನ್ಸ್‌ಕ್ರಿಪ್ಷನ್‌ನಲ್ಲಿ ಮೂರನ್ನೂ ಟೈಪ್ ಮಾಡಬೇಕು. ಕೋಡಿಂಗ್‌ನಲ್ಲಿ ಕುಣಿಕೆಗೆ 45385; ಚೂರು ತೆಗೆದದ್ದಕ್ಕೆ 45380, ಅದು ಬೇರೆಯೇ ಗಂಟು ಎಂದು ತಿಳಿಸಲು 59 ಎಂಬ ಮಾಡಿಫೈಯರ್. ಬರೀ ನೋಡಿದ್ದಕ್ಕಿರುವ 45378 ಇವುಗಳೊಳಗೇ ಸೇರಿದೆ, ಪ್ರತ್ಯೇಕವಾಗಿ ಹಾಕುವಂತಿಲ್ಲ. ಎರಡೂ ಒಂದೇ ಗಂಟಿಗೆ ಮಾಡಿದ್ದಾದರೆ 45380 ಕೂಡ ಬಿದ್ದುಹೋಗುತ್ತದೆ. ಅವರು ಎಲ್ಲವನ್ನೂ ಹಾಕಿದ್ದರು. ಯಾವುದು ಯಾವುದರೊಳಗೆ ಅಡಕ ಎಂಬ ಪಟ್ಟಿ ಮಾಡಿಕೊಂಡು ಮೂರನೇ ತಿಂಗಳಿಗೆ 96 ಮುಟ್ಟಿದರು.

ಈಗ

2025ರಲ್ಲಿ ಅವರ 'ಎ' ಹೋಯಿತು. ಸಂಬಳ 32,000. ಬಳೆ ಬಿಡಿಸಿಕೊಂಡಿದ್ದಾರೆ. ಮನೆಯಿಂದ ಕೆಲಸ ಮಾಡಲು ಅನುಮತಿ ಇದೆ, ಆದರೆ ಬೀಗ ಹಾಕುವ ಪ್ರತ್ಯೇಕ ಕೋಣೆ ಬೇಕು, ಒಳಗೆ ಮೊಬೈಲ್ ಕೂಡದು, ಸಂಪರ್ಕ ಕಡಿದರೆ ರಜೆಯಲ್ಲಿ ಕಡಿತ. ಗುಡ್ಡದ ಮೇಲಿನ ತಂಗುದಾಣದಿಂದ ಫೈಲ್ ಕಳಿಸಿದ ಹಾಗೆ ಇಲ್ಲಿ ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿವಮೊಗ್ಗದಲ್ಲಿ ಕೋಣೆ ಬಾಡಿಗೆಗೆ ಹಿಡಿದು ವಾರಾಂತ್ಯಕ್ಕೆ ಊರಿಗೆ ಹೋಗುತ್ತಾರೆ. ಮಳೆಗಾಲದ ಈ ನಾಲ್ಕು ತಿಂಗಳು ಅಮ್ಮ ಮನೆಯಲ್ಲಿ ಇರುವುದಿಲ್ಲ ಎಂಬುದನ್ನು ಮಗಳು ಇನ್ನೂ ಒಪ್ಪಿಕೊಂಡಿಲ್ಲ. ಇದಕ್ಕೆ ಪರಿಹಾರ ನಮ್ಮಿಬ್ಬರಿಗೂ ಸಿಕ್ಕಿಲ್ಲ.

ಅದೇ ಕೇಂದ್ರದಲ್ಲಿದ್ದ ಅವರ ಗೆಳತಿಯೊಬ್ಬರು ಟ್ರಾನ್ಸ್‌ಕ್ರಿಪ್ಷನ್ ಬಿಡಲಿಲ್ಲ. ಉಚ್ಚಾರ ತೀರಾ ಕಷ್ಟವಾದ ವೈದ್ಯರ ಕಡತಗಳನ್ನು ಮಾತ್ರ ತೆಗೆದುಕೊಂಡು, ಹೆಚ್ಚಿನ ದರ ಕೇಳಿ ಪಡೆದು, ಮನೆಯಲ್ಲೇ ನೆಮ್ಮದಿಯಾಗಿದ್ದಾರೆ. ನನ್ನಲ್ಲಿಗೆ ಬರುವವರಿಗೆಲ್ಲ ಆಕೆಯ ವಿಷಯವನ್ನೂ ಹೇಳುತ್ತೇನೆ. ಆರು ತಿಂಗಳು ಕಡಿಮೆ ಹಣದಲ್ಲಿ ಮನೆ ಬಿಟ್ಟು ಇರಲು ಆಗುವುದಿಲ್ಲ ಎನ್ನುವವರು ಕೋಡಿಂಗ್ ಪರೀಕ್ಷೆಗೆ ಹಣ ಕಟ್ಟುವ ಮೊದಲು ಆ ಲೆಕ್ಕ ಹಾಕಿಕೊಳ್ಳಬೇಕು.

ನನ್ನ ಪಾಠದ ಕ್ರಮವೂ ಬದಲಾಗಿದೆ. ಟ್ರಾನ್ಸ್‌ಕ್ರಿಪ್ಷನ್‌ನಿಂದ ಬಂದವರಿಗೆ ಮೊದಲ ದಿನವೇ ಆ ನ್ಯುಮೋನಿಯಾ ಚಾರ್ಟ್ ಕೊಡುತ್ತೇನೆ, ಎರಡು ಕಾಲಂ ಎಳೆಯಲು ಹೇಳುತ್ತೇನೆ. ಅಂಗರಚನೆಯ ಪಾಠವನ್ನು ಪೂರ್ತಿ ಬಿಟ್ಟಿದ್ದೇನೆ.

ವಸುಧಾ ಈಗ ಒಳರೋಗಿ ಕೋಡಿಂಗ್ ಕಲಿಯುತ್ತಿದ್ದಾರೆ, ಎಹಿಮಾ ಎಂಬ ಇನ್ನೊಂದು ಅಮೆರಿಕನ್ ಸಂಸ್ಥೆ ನಡೆಸುವ ಸಿಸಿಎಸ್ ಕೋಡಿಂಗ್ ಪರೀಕ್ಷೆ ಬರೆಯುವ ಯೋಚನೆ ಇದೆ. ಕಳೆದ ಭಾನುವಾರ ಒಂದು ಬಿಡುಗಡೆಯ ಸಾರಾಂಶ ಮಾಡುತ್ತಾ, ಕೊನೆಯ ಸಾಲಿನ 'ಬಹುಶಃ ನ್ಯುಮೋನಿಯಾ'ವನ್ನು ನೋಡಿ ಅಭ್ಯಾಸಬಲದಿಂದ ಕೆಮ್ಮು, ಜ್ವರ ಎಂದು ಬರೆದರು. ಮೇಲೆ ನೋಡಿದರು, ರೋಗಿ ಐದು ದಿನ ದಾಖಲಾಗಿದ್ದರು. ಹೊಡೆದು ಹಾಕಿ ಜೆ18.9 ಎಂದು ಬರೆದರು.